ರಕ್ತ ಯಾವಾಗ ತೆಗೆದರು, ಹೇಗೆ ಇಟ್ಟರು?

ಕೇಳುಗರೇ, ನಮಸ್ಕಾರ. ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯಿಂದ ರಾಯಚೂರಿಗೆ ಪಿಎಸ್‌ಎ ಪರೀಕ್ಷೆಗೆಂದು, ಅಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ನೋಡುವ ರಕ್ತಪರೀಕ್ಷೆಗೆಂದು, ಬರುವ ಹಿರಿಯರಿಗೆ, ಅವರನ್ನು ಕರೆತರುವ ಮಕ್ಕಳಿಗೆ ಈ ಮಾತು. ವರದಿಯಲ್ಲಿ 4 ದಾಟಿತು ಅಂದರೆ ಸಾಕು, ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ತಾಳಿ. ರಕ್ತ ಯಾವಾಗ ತೆಗೆದರು, ಹೇಗೆ ಇಟ್ಟರು? ಮೊದಲು ಅದನ್ನು ಕೇಳಿ.

ಪಿಎಸ್‌ಎ ಅನ್ನುವುದು ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್. ಗಟ್ಟಿಯಾದ ವೀರ್ಯವನ್ನು ತೆಳುವಾಗಿಸುವುದು ಅದರ ಕೆಲಸ. ರಕ್ತಕ್ಕೆ ಸೋರುವುದು ಅತ್ಯಲ್ಪ. ಗ್ರಂಥಿಗೆ ಪೆಟ್ಟಾದರೆ ಸೋರಿಕೆ ಹೆಚ್ಚುತ್ತದೆ. ಕ್ಯಾನ್ಸರಿನಿಂದಲೂ ಹೆಚ್ಚೀತು, ಸೋಂಕಿನಿಂದಲೂ, ವಯಸ್ಸಿಗೆ ಗ್ರಂಥಿ ಊದಿಕೊಂಡರೂ.

ಎಷ್ಟು ಅಲ್ಪ? ಬೇಸಿಗೆಯಲ್ಲಿ ಓಣಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್ ನೆನಪಿಸಿಕೊಳ್ಳಿ. ಅದರ ತುಂಬ ರಕ್ತದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಇದೆ ಎಂದುಕೊಳ್ಳಿ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಲೆಕ್ಕದಲ್ಲಿ ಇಡೀ ಟ್ಯಾಂಕರಿನ ಪಿಎಸ್‌ಎ 20 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಕಡಿಮೆ! ಅದೇ ಟ್ಯಾಂಕರಿನಲ್ಲಿ ಅಲ್ಬುಮಿನ್ ಅನ್ನುವ ಒಂದೇ ಪ್ರೋಟೀನ್ ಸುಮಾರು ಎರಡು ಕ್ವಿಂಟಲ್. ಎರಡು ಕ್ವಿಂಟಲ್ ಅಕ್ಕಿಹಿಟ್ಟು ಕದಡಿದ ನೀರಿನಲ್ಲಿ ಆ ಚಿಟಿಕೆಯನ್ನು ಹುಡುಕಬೇಕು. ಅದಕ್ಕೆ ಎರಡು ಪ್ರತಿಕಾಯಗಳು, ಅಂದರೆ ಗೊತ್ತಾದ ಒಂದೇ ವಸ್ತುವಿಗೆ ಅಂಟುವ ಪ್ರೋಟೀನುಗಳು, ಬೇಕು. ಒಂದು ಪಿಎಸ್‌ಎಯನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಅದರ ಮೇಲೆ ಕೂತು ಗುರುತು ತೋರಿಸುತ್ತದೆ. ಮಿಕ್ಕದ್ದನ್ನೆಲ್ಲ ತೊಳೆದು ಹಾಕಬೇಕು. ತೊಳೆಯುವುದರಲ್ಲಿ ಕೊರತೆಯಾದರೆ ಅಂಕಿ ಸುಳ್ಳೇ ಏರುತ್ತದೆ.

ಪಿಎಸ್‌ಎಯ ಹಾಗೆ ರಕ್ತದಲ್ಲಿ ರೋಗದ ಸುಳಿವು ಕೊಡುವ ಹೊಸ ಸೂಚಕ ಹುಡುಕುವ ಸಂಶೋಧಕರು ಮೊದಲು ಅಲ್ಬುಮಿನ್ ತೆಗೆದುಬಿಡುತ್ತಾರೆ. ಅದಕ್ಕೆ ಅಂಟಿಕೊಂಡ ಸಣ್ಣ ಪ್ರೋಟೀನುಗಳೂ ಜೊತೆಗೇ ಹೋಗುತ್ತವೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ರೋಗಿಗಳ ರಕ್ತ ಆಸ್ಪತ್ರೆಯಲ್ಲಿ ಕೂಡಲೇ ಫ್ರೀಜರ್ ಸೇರುತ್ತದೆ, ಆರೋಗ್ಯವಂತರದ್ದು ಶಿಬಿರದ ಮೇಜಿನ ಮೇಲೆ ಮೂರು ತಾಸು ಕೂತಿರುತ್ತದೆ. ಆಮೇಲೆ ಎರಡನ್ನೂ ಹೋಲಿಸಿ, ಬಿಸಿಲು ಮಾಡಿದ ವ್ಯತ್ಯಾಸವನ್ನು ಕ್ಯಾನ್ಸರಿನದೆಂದು ಬರೆದುಕೊಳ್ಳುತ್ತಾರೆ! ಮರುಪರೀಕ್ಷೆಯಲ್ಲಿ ಆ ಸೂಚಕ ಬಿದ್ದುಹೋಗುತ್ತದೆ. ಯಾವಾಗ ತೆಗೆದರು, ಹೇಗೆ ಇಟ್ಟರು, ಮತ್ತೆ ಅದೇ ಪ್ರಶ್ನೆ.

ಪಿಎಸ್‌ಎ ಅಂಕಿ 4ರಿಂದ 10ರ ನಡುವೆ ಇದ್ದರೆ ಫ್ರೀ ಪಿಎಸ್‌ಎ, ಅಂದರೆ ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಪಿಎಸ್‌ಎ, ಒಟ್ಟಿನಲ್ಲಿ ಎಷ್ಟು ಪಾಲು ಎಂದು ನೋಡುತ್ತಾರೆ. ಶೇಕಡ 25ಕ್ಕಿಂತ ಹೆಚ್ಚಿದ್ದರೆ ಅನುಮಾನ ಕಡಿಮೆ, 10ಕ್ಕಿಂತ ಕೆಳಗಿದ್ದರೆ ಜಾಸ್ತಿ. ಶಾಖಕ್ಕೆ ಬೇಗ ಕೆಡುವುದು ಈ ಫ್ರೀ ಪಿಎಸ್‌ಎಯೇ. ಮೇ ತಿಂಗಳಲ್ಲಿ ಐಸ್ ಇಲ್ಲದ ಡಬ್ಬಿಯಲ್ಲಿ, ಬಸ್ಸಿನಲ್ಲಿ ಬಂದ ರಕ್ತದಲ್ಲಿ ಆ ಪಾಲು ಇಳಿದಿರುತ್ತದೆ, ಹಿರಿಯರಿಗೆ ಬೇಡದ ಬಯಾಪ್ಸಿ, ಅಂದರೆ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ, ಬೀಳುತ್ತದೆ. ಸಂಗ್ರಹ ಕೇಂದ್ರದ ತಮ್ಮಂದಿರೇ, ದಯವಿಟ್ಟು ಮೂರು ತಾಸಿನೊಳಗೆ ಸೀರಂ ಬೇರ್ಪಡಿಸಿ, 2ರಿಂದ 8 ಡಿಗ್ರಿಯಲ್ಲಿಡಿ. 24 ತಾಸು ಮೀರುವುದಾದರೆ ಫ್ರೀಜ್ ಮಾಡಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಸಂಭೋಗವಾಗಿದ್ದರೆ ಎರಡು ದಿನ, ಮೂತ್ರದ ಸೋಂಕು ಬಂದಿದ್ದರೆ ವಾಸಿಯಾಗಿ ಆರು ವಾರ ಬಿಟ್ಟು ರಕ್ತ ಕೊಡಿ. ಇದರಲ್ಲಿ ಸಂಕೋಚ ಬೇಡ. ಊದಿದ ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆ ಆರು ತಿಂಗಳು, ವರ್ಷದಿಂದ ನುಂಗುತ್ತಿದ್ದರೆ ಅಂಕಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ವೈದ್ಯರು ದುಪ್ಪಟ್ಟು ಮಾಡಿ ಓದಬೇಕಾಗುತ್ತದೆ. ಮಾತ್ರೆಯ ಚೀಟಿ ಜೊತೆಗೆ ತನ್ನಿ. ಮರುಪರೀಕ್ಷೆ ಅದೇ ಲ್ಯಾಬಿನಲ್ಲೇ ಆಗಲಿ, ಪರೀಕ್ಷೆಯ ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ನಮಸ್ಕಾರ.