ಸೈಕಲ್ಲಿಗೆ ಎಲೆಕ್ಟ್ರಾನಿಕ್ ಬ್ರೇಕ್ ಬೇಕಾ?

ಕಲಬುರಗಿ ಸುತ್ತಮುತ್ತಲಿನ ಕೇಳುಗರಿಗೆಲ್ಲ ನಮಸ್ಕಾರ. ಈ ಮಾತು ಮಕ್ಕಳನ್ನು ಸೈಕಲ್ ಮೇಲೆ ಶಾಲೆಗೆ ಕಳಿಸುವ ತಂದೆ-ತಾಯಿಗಳಿಗೆ. ಬೈಕಿಗೆ ಎಬಿಎಸ್ ಅನ್ನೋ ಎಲೆಕ್ಟ್ರಾನಿಕ್ ಬ್ರೇಕ್ ಬಂದಿದೆ, ಸೈಕಲ್ಲಿಗೂ ಹಾಕಿಸಬಹುದಾ ಅಂತ ತುಂಬ ಜನ ಕೇಳುತ್ತಾರೆ. ನಾನು ಹೇಳೋದು ಒಂದೇ: ಮೊದಲು ಬ್ರೇಕ್ ರಬ್ಬರ್ ನೋಡಿ.

ಎಬಿಎಸ್ ಮಾಡುವ ಕೆಲಸ ಇಷ್ಟೇ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಂತು ಗಾಡಿ ಜಾರುತ್ತದೆ, ಅಲ್ವಾ? ಚಕ್ರ ನಿಲ್ಲುವ ಹೊತ್ತಿಗೆ ಸೆನ್ಸರ್ ಅದನ್ನು ಗುರುತಿಸುತ್ತದೆ. ಯಂತ್ರ ಬ್ರೇಕನ್ನು ಚೂರು ಸಡಿಲ ಮಾಡಿ ಮತ್ತೆ ಹಿಡಿಯುತ್ತದೆ. ಅಂದರೆ, ಹಿಡಿತ ಜಾಸ್ತಿಯಾದಾಗ ಬಿಡಿಸುವ ಯಂತ್ರ ಅದು. ಹಿಡಿಯದೇ ಇರುವ ಬ್ರೇಕಿಗೆ ಅದು ಏನು ಮಾಡೀತು?

ಹೋದ ಮಳೆಗಾಲ ನಮ್ಮ ಓಣಿಯವರೊಬ್ಬರು ಮಗನ ಸೈಕಲ್ ತಂದರು. ಹುಡುಗ ಸೂಪರ್ ಮಾರ್ಕೆಟ್ ಹತ್ತಿರ ಆಟೋಕ್ಕೆ ಗುದ್ದಿ ಮೊಣಕೈ ತರಚಿಕೊಂಡಿದ್ದ. "ಸರ, ರೊಕ್ಕ ಎಷ್ಟರ ಆಗಲಿ, ಎಲೆಕ್ಟ್ರಾನಿಕ್ ಬ್ರೇಕೇ ಹಾಕಸ್ತೀನ್ರಿ" ಅಂದರು. ಬ್ರೇಕ್ ಲಿವರ್ ಒತ್ತಿದೆ. ಹ್ಯಾಂಡಲ್ಲಿಗೇ ಬಂದು ತಾಗಿತು! ಕೇಬಲ್ಲಿಗೆ ತುಕ್ಕು. ರಬ್ಬರ್ ಶಹಾಬಾದ್ ಕಲ್ಲಿನ ಹಾಗೆ ಗಟ್ಟಿ. ರಿಮ್ ಮೇಲೆ ಚೈನಿಗೆ ಬಿಟ್ಟ ಎಣ್ಣೆ. ಮುಂದಿನ ಬ್ರೇಕನ್ನಂತೂ ಹುಡುಗ ಮುಟ್ಟುತ್ತಲೇ ಇರಲಿಲ್ಲ. ಪಲ್ಟಿ ಹೊಡೀತೀ ಅಂತ ಯಾರೋ ಹೆದರಿಸಿದ್ದರಂತೆ. ಪಂಕ್ಚರ್ ಅಂಗಡಿಯಲ್ಲಿ ಹೊಸ ರಬ್ಬರ್, ಹೊಸ ಕೇಬಲ್ ಹಾಕಿಸಿದೆವು. ರಿಮ್ಮನ್ನು ಸೋಪಿನ ನೀರಲ್ಲಿ ತೊಳೆದೆವು. ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗಿ ಬರೀ ಹಿಂದಿನ ಬ್ರೇಕ್ ಹಿಡಿಸಿದೆ. ಚಕ್ರ ಜಾರಿಕೊಂಡು ಎಲ್ಲೋ ಹೋಗಿ ನಿಂತಿತು. "ಈಗ ಎರಡನ್ನೂ ಹದವಾಗಿ ಹಿಡಿ, ಮೈ ಹಿಂದಕ್ಕೆ ಹಾಕು" ಅಂದೆ. ಎಷ್ಟು ಬೇಗ ನಿಂತಿತು ಅಂದರೆ, ಅವರಪ್ಪ ಇನ್ನೊಮ್ಮೆ ಮಾಡಿಸಿ ನೋಡಿದರು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಮುಂದಿನದು ನೆಲ ಕಚ್ಚುತ್ತದೆ. ಅದಕ್ಕೇ ಮುಂದಿನ ಬ್ರೇಕ್ ಬಿಡಬಾರದು.

ಬ್ಯಾಟರಿ ಸೈಕಲ್ ಮಾತು ಬೇರೆ. ಬಾಷ್ ಕಂಪನಿ 2017ರಲ್ಲಿ ಅದಕ್ಕೆ ಎಬಿಎಸ್ ತೋರಿಸಿತು. ಅಲ್ಲಿ ಭಾರ ಜಾಸ್ತಿ, ಆಯಿಲ್ ಒತ್ತಡದ ಡಿಸ್ಕ್ ಬ್ರೇಕ್ ಇದೆ, ಕರೆಂಟೂ ಇದೆ. ಅಲ್ಲಿ ಖಂಡಿತ ಇರಲಿ. ತಂತಿ ಬ್ರೇಕಿನ ಮಾಮೂಲಿ ಸೈಕಲ್ಲಿಗೆ ಸುಮ್ನೆ ಯಾಕೆ ದುಡ್ಡು? ರಬ್ಬರ್ ಬದಲಿಸಿ.

ಸಮಯ ಮುಗಿಯುತ್ತಿದೆ. ಮಳೆಯಲ್ಲಿ ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರ್ ಸರಿಯಾಗಿ ಹಿಡಿಯಲ್ಲ. ಸ್ವಲ್ಪ ಮೊದಲೇ ಮೆಲ್ಲಗೆ ಹಿಡಿಯಲು ಮಕ್ಕಳಿಗೆ ಹೇಳಿ, ರಿಮ್ ಮೇಲಿನ ನೀರು ಹೋಗಲಿ. ಇವತ್ತು ಸಂಜೆಯೇ ಲಿವರ್ ಒತ್ತಿ ನೋಡಿ. ಹ್ಯಾಂಡಲ್ಲಿಗೆ ತಾಗಿದರೆ, ದಯವಿಟ್ಟು, ನಾಳೆ ಆ ಸೈಕಲ್ ಮೇಲೆ ಮಗುವನ್ನು ಕಳಿಸಬೇಡಿ. ನಮಸ್ಕಾರ.