ಕಡಿಮೆ ಖರ್ಚಿನಲ್ಲಿ ವಿಡಿಯೊ ಬೆಳಕು: ವ್ಯಾಟ್‌ಗಿಂತ ಮೊದಲು ಬಣ್ಣ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರಗಳ ಕಡೆ ವಿಡಿಯೊ ಮಾಡುವುದು ಈಗ ಸ್ಟುಡಿಯೊ ಇಟ್ಟುಕೊಂಡವರ ಕಸುಬಾಗಿಯಷ್ಟೇ ಉಳಿದಿಲ್ಲ. ಅಡಿಕೆ ಸುಲಿಯುವ ಯಂತ್ರದ ಗುಣಾವಗುಣಗಳನ್ನು ವಿವರಿಸುವ ಕೃಷಿಕರಿದ್ದಾರೆ, ಕಳಲೆ ಪಲ್ಯವನ್ನೋ ಪತ್ರೊಡೆಯನ್ನೋ ಮಾಡಿ ತೋರಿಸುವ ಗೃಹಿಣಿಯರಿದ್ದಾರೆ, ಮಕ್ಕಳಿಗೆ ಪಾಠ ಹೇಳುವ ಮೇಷ್ಟರಿದ್ದಾರೆ, ಊರಿನ ತಾಳಮದ್ದಲೆಯನ್ನು ದಾಖಲಿಸಿಡುವ ಹವ್ಯಾಸಿಗಳಿದ್ದಾರೆ. ಇವರಲ್ಲಿ ಬಹುತೇಕರ ಬಳಿ ಒಳ್ಳೆಯ ಕ್ಯಾಮೆರಾ ಇದೆ, ಇಲ್ಲವೇ ಆ ಕೆಲಸಕ್ಕೆ ಸಾಕಾಗುವ ಮೊಬೈಲ್ ಫೋನ್ ಇದೆ, ಇಲ್ಲದಿರುವುದು ಬೆಳಕು. ಹೆಂಚಿನ ಮಾಡು ತಗ್ಗಿ ಬಂದಿರುವ, ಮರದ ಮುಚ್ಚಿಗೆಯ ನಮ್ಮ ಹಳೆಯ ಮನೆಗಳ ನಡುಮನೆಯಲ್ಲಿ ಮಟಮಟ ಮಧ್ಯಾಹ್ನವೂ ಮಬ್ಬಿರುತ್ತದೆ, ಮಳೆಗಾಲದಲ್ಲಂತೂ ಜಗಲಿಯಲ್ಲೇ ದೀಪ ಹಾಕಬೇಕಾಗುತ್ತದೆ. ಹತ್ತು ಹದಿನೈದು ಸಾವಿರ ರೂಪಾಯಿಯೊಳಗೆ ವಿಡಿಯೊಗೆಂದು ಎಲ್‌ಇಡಿ ದೀಪ ಕೊಳ್ಳಬೇಕೆನ್ನುವವರು ಏನನ್ನು ನೋಡಿ ಕೊಳ್ಳಬೇಕು ಎಂಬುದು ಇಂದಿನ ನನ್ನ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಹೋದವರು ಮೊದಲು ಕೇಳುವುದು ದೀಪ ಎಷ್ಟು ವ್ಯಾಟಿನದು ಎಂದು. ಅವರು ಮೊದಲು ಕೇಳಬೇಕಾದದ್ದು ಆ ದೀಪ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು. ಬೆಳಕು ಸಾಲದಿದ್ದರೆ ದೀಪವನ್ನು ಹತ್ತಿರ ತರಬಹುದು, ಬೆಳಕನ್ನು ಗ್ರಹಿಸುವ ಕ್ಯಾಮೆರಾದ ಸಂವೇದನೆಯನ್ನು, ಅಂದರೆ ಐಎಸ್‌ಒವನ್ನು, ಏರಿಸಬಹುದು, ಪಕ್ಕದಲ್ಲಿ ಬಿಳಿಯ ಥರ್ಮಾಕೋಲ್ ಹಲಗೆಯೊಂದನ್ನು ನಿಲ್ಲಿಸಬಹುದು. ದೀಪದೊಳಗೇ ಇಲ್ಲದ ಬಣ್ಣವನ್ನು ಮಾತ್ರ ಆಮೇಲೆ ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕುಳಿತರೂ ತರಲಾಗುವುದಿಲ್ಲ.

ಮೊದಲು ಬೆಳಕಿನ ಪ್ರಮಾಣದ ಲೆಕ್ಕವನ್ನು ಮುಗಿಸೋಣ, ಏಕೆಂದರೆ ಅದು ಸುಲಭದ್ದು. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮೀಟರ್ ದೂರದಲ್ಲಿ 4000 ಲಕ್ಸ್ ಕೊಡುವ ದೀಪ ಎರಡು ಮೀಟರ್ ದೂರದಲ್ಲಿ ಸುಮಾರು 1000 ಲಕ್ಸ್ ಕೊಡುತ್ತದೆ; ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ದೀಪದ ಮುಂದೆ ಬೆಳಕನ್ನು ಮೃದುಗೊಳಿಸುವ ಬಿಳಿ ಬಟ್ಟೆಯ ಪೆಟ್ಟಿಗೆಯನ್ನು, ಅಂದರೆ ಸಾಫ್ಟ್‌ಬಾಕ್ಸ್ ಅನ್ನು, ಕಟ್ಟಿದರೆ ಅದರ ಬಟ್ಟೆ ಇನ್ನೂ ಅರ್ಧಕ್ಕಿಂತ ಹೆಚ್ಚನ್ನು ನುಂಗಿ, ಮುನ್ನೂರರ ಆಸುಪಾಸು ಲಕ್ಸ್ ಉಳಿಯಬಹುದು. ಸೆಕೆಂಡಿನ 50ನೇ ಒಂದು ಭಾಗದ ಶಟರ್, ಲೆನ್ಸಿನ ಕಿಂಡಿಗೆ 2.8ರ ಅಪರ್ಚರ್, 400 ಐಎಸ್‌ಒ ಇಟ್ಟುಕೊಂಡು ಒಬ್ಬರು ಕುಳಿತು ಮಾತನಾಡುವುದನ್ನು ಚಿತ್ರಿಸಲು ಹೆಚ್ಚುಕಡಿಮೆ ಅಷ್ಟೇ ಬೇಕು. ಆದ್ದರಿಂದ ಮನೆಯೊಳಗಿನ ಕೆಲಸಕ್ಕೆ ಅಷ್ಟು ಬೆಳಕು ಕೊಡುವ 60 ವ್ಯಾಟಿನ ದೀಪವೊಂದು ಸಾಕು. ಡಬ್ಬಿಯ ಮೇಲೆ ಅಚ್ಚಾಗಿರುವ ಲಕ್ಸ್ ಸಂಖ್ಯೆಯನ್ನು ಓದುವಾಗ ಅದು ಎಷ್ಟು ದೂರದ ಅಳತೆ, ಬೆಳಕನ್ನು ಮುಂದಕ್ಕೆ ಒಟ್ಟುಗೂಡಿಸುವ ರಿಫ್ಲೆಕ್ಟರ್ ಹಾಕಿದ್ದರೋ ಇಲ್ಲವೋ ಎಂಬುದನ್ನೂ ಓದಬೇಕು. ಅರ್ಧ ಮೀಟರಿನ ಅಳತೆಯನ್ನು ಒಂದು ಮೀಟರಿನ ಅಳತೆಯ ಪಕ್ಕದಲ್ಲಿಟ್ಟರೆ ಅದೇ ದೀಪ ನಾಲ್ಕು ಪಟ್ಟು ಪ್ರಖರವಾಗಿ ಕಾಣುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತಿದೆ.

ಇನ್ನು ಬಣ್ಣದ ವಿಚಾರ. ಹಿಂದೆ ಮದುವೆ ಮನೆಗಳಲ್ಲಿ 1000 ವ್ಯಾಟಿನ ಹ್ಯಾಲೊಜೆನ್ ದೀಪವನ್ನು ಎತ್ತಿ ಹಿಡಿದು ಕ್ಯಾಮೆರಾದವರ ಹಿಂದೆ ಹುಡುಗನೊಬ್ಬ ಓಡಾಡುತ್ತಿದ್ದುದು ಹಲವರಿಗೆ ನೆನಪಿರಬಹುದು. ಧಾರೆಯ ಹೊತ್ತಿಗೆ ಮದುಮಕ್ಕಳು ಬೆವತು ತೊಪ್ಪೆಯಾಗುತ್ತಿದ್ದರು, ನಿಜ. ಆದರೆ ಆ ದೀಪದ ತಾಪವನ್ನು ಬೈದವರು ಅದರ ಬಣ್ಣವನ್ನು ಬೈದದ್ದಿಲ್ಲ. ಕಾದ ತಂತಿಯ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಎಲ್ಲಿಯೂ ತುಂಡಾಗದೆ ಇರುತ್ತವೆ, ಕೆಂಪಂತೂ ಧಾರಾಳವಾಗಿರುತ್ತದೆ. ಬಿಳಿ ಎಲ್‌ಇಡಿಯ ಹುಟ್ಟು ಬೇರೆ ಬಗೆಯದು. ಅದರ ಒಳಗಿರುವುದು ನೀಲಿ ಬೆಳಕು ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್. ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತವಿಜ್ಞಾನದ ನೊಬೆಲ್ ತಂದುಕೊಟ್ಟದ್ದು ಇದೇ ನೀಲಿ ಎಲ್‌ಇಡಿ. ಆ ಚಿಪ್‌ನ ಮೇಲೆ ಫಾಸ್ಫರ್ ಎಂಬ ಹಳದಿ ಪುಡಿಯನ್ನು ಲೇಪಿಸಿದಾಗ ನೀಲಿಯ ಒಂದು ಪಾಲು ಹಳದಿಯಾಗಿ ಮಾರ್ಪಟ್ಟು, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಅಗ್ಗದ ದೀಪಗಳಲ್ಲಿ ಈ ಲೇಪನ ಸರಳವಾಗಿರುವುದರಿಂದ ಗಾಢವಾದ ಕೆಂಪು ಅದರಲ್ಲಿ ಬಹಳ ಕಡಿಮೆ. ಕೆಂಪನ್ನು ಸೇರಿಸಬೇಕಾದರೆ ಬೇರೆ ಫಾಸ್ಫರ್ ಬೇಕು, ಅದಕ್ಕೆ ಖರ್ಚೂ ಹೆಚ್ಚು, ಅಷ್ಟೇ ವಿದ್ಯುತ್ತಿಗೆ ಸಿಗುವ ಹೊಳಪೂ ಸ್ವಲ್ಪ ಕಡಿಮೆ. ಅಂದರೆ ಒಂದೇ ಬೆಲೆಯ ಎರಡು ದೀಪಗಳಲ್ಲಿ ಒಂದು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ, ಅದರ ಹೊಳಪು ಬಣ್ಣವನ್ನು ಬಿಟ್ಟುಕೊಟ್ಟು ಬಂದದ್ದಿರಬಹುದು.

ಇದರ ಪರಿಣಾಮವನ್ನು ನೋಡಲು ಮಲೆನಾಡಿನವರು ದೂರ ಹೋಗಬೇಕಾಗಿಲ್ಲ. ಹಸಿ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದ ಕೆಂಪಡಿಕೆಯ ಒಂದು ಹಿಡಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಬಿಸಿಲಿನಲ್ಲಿ ಅದರ ಮೈಮೇಲೆ ಚೊಗರಿನ ಕಡುಗೆಂಪು ಹೊಳಪು, ಅದರೊಳಗೆ ಎಳೆಎಳೆಯಾಗಿ ತಿಳಿಗೆಂಪು ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು ಎಂದು ಬೇರ್ಪಡಿಸುವವರ ಕಣ್ಣು ಗಾತ್ರ, ಆಕಾರಗಳೊಂದಿಗೆ ಈ ಬಣ್ಣವನ್ನೂ ಅಳೆಯುತ್ತದೆ. ಅದೇ ಅಡಿಕೆಯನ್ನು ಕೆಂಪಿಲ್ಲದ ಎಲ್‌ಇಡಿಯ ಕೆಳಗೆ ಚಿತ್ರಿಸಿದರೆ ಎಲ್ಲವೂ ಒಂದೇ ಸಮನೆ ಮಣ್ಣಿನ ಕಂದಾಗಿ ಮೂಡುತ್ತದೆ, ಹಳೆಯ ದಾಸ್ತಾನಿನ ಹಾಗೆ. ಹಣೆಯ ಕುಂಕುಮ, ಯಕ್ಷಗಾನ ವೇಷದ ಕೆಂಪು, ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯನ ಮೈಬಣ್ಣ, ಇವುಗಳ ಗತಿಯೂ ಅದೇ. ಚರ್ಮದ ಕೆಳಗಿನ ರಕ್ತದ ಕೆಂಪು ಕಾಣದಿದ್ದರೆ ಆರೋಗ್ಯವಾಗಿರುವವರ ಮುಖವೂ ಜ್ವರ ಬಿಟ್ಟವರ ಮುಖದಂತೆ ಕಳೆಗುಂದುತ್ತದೆ.

ಬಣ್ಣದ ಈ ಗುಣವನ್ನು ಅಳೆಯಲು ಡಬ್ಬಿಗಳ ಮೇಲೆ ಸಿಆರ್‌ಐ ಎಂಬ ಅಂಕ ಅಚ್ಚಾಗಿರುತ್ತದೆ. ನೂರಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು ಎಂಬುದು ಸ್ಥೂಲವಾಗಿ ಸರಿ, ಆದರೆ ಅಷ್ಟಕ್ಕೇ ಮಾರುಹೋಗಬಾರದು. ಈ ಅಂಕವನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಗಾಢ ಕೆಂಪು ಆ ಎಂಟರಲ್ಲಿ ಸೇರಿಲ್ಲ. ಅದು ಆರ್9 ಎಂಬ ಹೆಸರಿನ ಒಂಬತ್ತನೆಯ ಬಣ್ಣವಾಗಿ ಪಟ್ಟಿಯ ಹೊರಗೆ ನಿಂತಿದೆ. ಕಷ್ಟದ ವಿಷಯದ ಪರೀಕ್ಷೆಯನ್ನೇ ಬರೆಯದ ವಿದ್ಯಾರ್ಥಿಗೆ ಪ್ರಥಮ ದರ್ಜೆ ಕೊಟ್ಟ ಹಾಗೆ, ಸಿಆರ್‌ಐ 80 ಇರುವ ದೀಪದ ಆರ್9 ಸೊನ್ನೆಯ ಹತ್ತಿರವೇ ಇರುವುದುಂಟು. ಮನೆಗೆ ಹಾಕುವ 9 ವ್ಯಾಟಿನ ಸಾಮಾನ್ಯ ಬಲ್ಬುಗಳು ಬಹುಪಾಲು ಈ ಗುಂಪಿನವು. ಹೀಗಾಗಿ ನಾಲ್ಕು ಬಲ್ಬುಗಳನ್ನು ಹಲಗೆಗೆ ಹೊಡೆದು ವಿಡಿಯೊ ದೀಪ ಮಾಡಿಕೊಳ್ಳುವ ಉಪಾಯವನ್ನು, ಜಾಣತನಕ್ಕೆ ಮೆಚ್ಚಿದರೂ, ನಾನು ಶಿಫಾರಸು ಮಾಡುವುದಿಲ್ಲ. ಸಿಆರ್‌ಐ 95ಕ್ಕಿಂತ ಮೇಲಿರಲಿ, ಆರ್9 ಅನ್ನು ಬೇರೆಯಾಗಿ ನಮೂದಿಸಿರಲಿ. ಇದರ ಜೊತೆಗೆ ಟಿಎಲ್‌ಸಿಐ ಎಂಬ ಇನ್ನೊಂದು ಅಂಕವಿದ್ದರೆ ಅದಕ್ಕೇ ಹೆಚ್ಚು ಬೆಲೆ ಕೊಡಬೇಕು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2012ರಲ್ಲಿ ಶಿಫಾರಸು ಮಾಡಿದ ಈ ಅಳತೆ, ಬಣ್ಣ ಕಣ್ಣಿಗೆ ಹೇಗೆ ಕಾಣುತ್ತದೆ ಎನ್ನುವುದನ್ನಲ್ಲ, ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಎನ್ನುವುದನ್ನು ಲೆಕ್ಕ ಹಾಕುತ್ತದೆ.

ದೀಪದಲ್ಲಿ ಒಟ್ಟಾರೆ ಸ್ವಲ್ಪ ಹಸಿರು ಛಾಯೆ ಇದ್ದರೆ ಅದಕ್ಕೆ ಗಾಬರಿಯಾಗಬೇಕಿಲ್ಲ. ಉರಿಯುತ್ತಿರುವುದು ಅದೊಂದೇ ದೀಪವಾದರೆ, ಬಿಳಿ ಹಾಳೆ ಹಿಡಿದು, ಬಿಳಿಯನ್ನು ಬಿಳಿಯಾಗಿಯೇ ತೋರಿಸುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿದ ಕೂಡಲೇ ಅದು ಹೋಗುತ್ತದೆ. ತೊಡಕು ಬರುವುದು ಬೇರೆಬೇರೆ ಛಾಯೆಯ ಎರಡು ದೀಪಗಳು ಒಂದೇ ಮುಖದ ಎರಡು ಕೆನ್ನೆಗಳ ಮೇಲೆ ಬಿದ್ದಾಗ. ಕಡಿಮೆ ಬೆಲೆಯ ಎರಡು ದೀಪಗಳ ಬದಲಿಗೆ ಒಂದೇ ಒಳ್ಳೆಯ ದೀಪ ಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಕಿಟಕಿಯ ಬೆಳಕೇ ಎರಡನೆಯ ದೀಪವಾಗಿಬಿಡುತ್ತದೆ: ಅಡಿಕೆ ತೋಟದ ಅಂಚಿನ ಮನೆಯಲ್ಲಿ ಸೋಗೆಗಳ ನಡುವಿನಿಂದ ಸೋಸಿ ಬರುವ ಬೆಳಕು ಹಸಿರಾಗಿರುತ್ತದೆ, ಮೋಡ ಕವಿದ ದಿನ ಅದು ನೀಲಿಗೆ ತಿರುಗಿ, ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ 6500 ದಾಟುತ್ತದೆ. ಅಂಥ ಕಿಟಕಿಯನ್ನು ಒಂದೋ ಮುಚ್ಚಬೇಕು, ಇಲ್ಲವೇ ಚಿತ್ರದ ಹಿನ್ನೆಲೆಗೆ ಮಾತ್ರ ಬಿಡಬೇಕು.

ಇಲ್ಲಿಯೇ ಬಿಳಿ, ಹಳದಿ ಎರಡೂ ಬಗೆಯ ಬೆಳಕು ಕೊಡುವ ಬೈ-ಕಲರ್ ದೀಪ ಬೇಕೋ ಬೇಡವೋ ಎಂಬ ಪ್ರಶ್ನೆಯೂ ಬರುತ್ತದೆ. ಇಂಥ ಅನೇಕ ಪ್ಯಾನೆಲ್‌ಗಳಲ್ಲಿ ಅರ್ಧದಷ್ಟು ಬಿಳಿಯ, ಅರ್ಧದಷ್ಟು ಹಳದಿಯ ಎಲ್‌ಇಡಿಗಳಿದ್ದು, ಬಣ್ಣದ ಗುಂಡಿಯನ್ನು ಒಂದು ತುದಿಗೆ ತಿರುಗಿಸಿದಾಗ ಅರ್ಧ ದೀಪ ಮಾತ್ರ ಉರಿಯುತ್ತದೆ. ಅದೇ ಬೆಲೆಗೆ 5600 ಕೆಲ್ವಿನ್‌ನ ಒಂದೇ ಬಣ್ಣದ ದೀಪ ಹೆಚ್ಚು ಬೆಳಕು ಕೊಡುತ್ತದೆ, ಹಗಲಿನ ಬೆಳಕಿಗೂ ಹೆಚ್ಚುಕಡಿಮೆ ಹೊಂದುತ್ತದೆ. ದೇವರ ಮನೆಯ ಎಣ್ಣೆ ದೀಪ, ದೀಪಾವಳಿಯ ಹಣತೆಗಳನ್ನು ಅವುಗಳ ಹೊಂಬಣ್ಣ ಉಳಿಸಿಕೊಂಡು ಚಿತ್ರಿಸುವವರಿಗೆ ಬೈ-ಕಲರ್ ಸಹಾಯಕ. ವರ್ಷಕ್ಕೆ ಒಂದೆರಡು ಸಲ ಮಾತ್ರ ಆ ಅಗತ್ಯ ಬೀಳುವುದಾದರೆ ದೀಪದ ಮುಂದೆ ಜೆಲ್ ಎಂಬ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆಯೊಂದನ್ನು ಕಟ್ಟಿದರೆ ಸಾಕು. ಅರ್ಧದಷ್ಟು ಬೆಳಕು ಅಲ್ಲಿಯೂ ಹೋಗುತ್ತದೆ, ಹಣ ಮಾತ್ರ ಉಳಿಯುತ್ತದೆ. ಏಳು ಬಣ್ಣ ಚಿಮ್ಮಿಸುವ ಆರ್‌ಜಿಬಿ ದೀಪಗಳು ಮೊದಲ ಖರೀದಿಗೆ ಬೇಡ. ರಿಂಗ್ ಲೈಟ್ ಕೂಡ ಬೇಡ: ಕನ್ನಡಕ ಹಾಕಿದ ಹಿರಿಯರನ್ನು ಮಾತನಾಡಿಸಲು ಕುಳಿತಾಗ ಎರಡು ಗಾಜಿನಲ್ಲೂ ಎರಡು ಬಳೆಗಳು ಕಾಣುವುದು ಶೋಭೆಯಲ್ಲ.

ದೀಪ ಎಷ್ಟೇ ಒಳ್ಳೆಯದಿರಲಿ, ಬರಿದಾಗಿ ಮುಖಕ್ಕೆ ಹಿಡಿದರೆ ಮೂಗಿನ ನೆರಳು ಕೆನ್ನೆಯ ಮೇಲೆ ಗೆರೆ ಎಳೆದಂತೆ ಬೀಳುತ್ತದೆ. ಬೆಳಕಿನ ಮೂಲ ದೊಡ್ಡದಾಗಿ, ವ್ಯಕ್ತಿಗೆ ಹತ್ತಿರವಾಗಿ ಇದ್ದಷ್ಟೂ ನೆರಳು ಮೃದುವಾಗುತ್ತದೆ. ಸಾಫ್ಟ್‌ಬಾಕ್ಸ್ ಕೊಳ್ಳುವ ಉದ್ದೇಶವಿದ್ದರೆ ಅದನ್ನು ಸಿಕ್ಕಿಸುವ ಬೋವೆನ್ಸ್ ಮೌಂಟ್ ಎಂಬ ಕೊಂಡಿ ಇರುವ ದೀಪವನ್ನೇ ಆರಿಸಬೇಕು. ಆ ಹೆಸರಿನ ಬ್ರಿಟಿಷ್ ಕಂಪನಿ 2017ರಲ್ಲಿ ಬಾಗಿಲು ಮುಚ್ಚಿದರೂ ಅದರ ಕೊಂಡಿ ಜಗತ್ತಿನ ರೂಢಿಯಾಗಿ ಉಳಿದಿರುವುದರಿಂದ ಆ ಕೊಂಡಿಗೆಂದು ಮಾಡಿದ ಯಾರ ಸಾಫ್ಟ್‌ಬಾಕ್ಸಾದರೂ ಅದಕ್ಕೆ ಕೂಡುತ್ತದೆ. ಸಾಫ್ಟ್‌ಬಾಕ್ಸ್ ಇಲ್ಲದವರು ಒಗೆದ ಬಿಳಿ ಪಂಚೆಯೊಂದನ್ನು ದೀಪದಿಂದ ಎರಡು ಅಡಿ ಮುಂದೆ ಹಗ್ಗಕ್ಕೆ ಇಳಿಬಿಡಬಹುದು. ನೀಲಿ ಹಾಕಿ ಒಗೆದ ಪಂಚೆಯಾದರೆ ಬಣ್ಣ ಕೆಡುತ್ತದೆ ಎಂಬುದು ನೆನಪಿರಲಿ. ಸುಣ್ಣ ಬಳಿದ ಕೋಣೆಯಲ್ಲಿ ಗೋಡೆಯೇ ಬೆಳಕನ್ನು ಹಿಂದಿರುಗಿಸುತ್ತದೆ. ಕಪ್ಪುಗಟ್ಟಿದ ಮರದ ಕಂಬ, ಮುಚ್ಚಿಗೆಗಳಿರುವ ನಡುಮನೆ ಬಿದ್ದ ಬೆಳಕನ್ನೆಲ್ಲ ಹೀರಿಕೊಳ್ಳುವುದರಿಂದ ಅಲ್ಲಿ ನೆರಳಿನ ಬದಿಗೆ ಬಿಳಿ ಹಲಗೆ ಇಡಲೇಬೇಕು.

ಮಿನುಗಿನ ದೋಷವನ್ನೂ ಕೊಳ್ಳುವ ಮೊದಲೇ ಪರೀಕ್ಷಿಸಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ, ಒಳಗಿನ ಸರ್ಕ್ಯೂಟ್ ಕಳಪೆಯಾದ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾದ ಶಟರ್ ಅನ್ನು 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಈ ಏರಿಳಿತ ಕಾಣದಂತೆ ಮಾಡಬಹುದು. ಇನ್ನೊಂದು ಬಗೆಯ ಮಿನುಗು ಡಿಮ್ಮರ್ ಇಳಿಸಿದಾಗ ಬರುವಂಥದು. ಬೆಳಕನ್ನು ತಗ್ಗಿಸುವ ಬದಲು ದೀಪವನ್ನು ಅತಿ ವೇಗವಾಗಿ ಹಚ್ಚಿ ಆರಿಸುವ ವಿಧಾನ ಅದಕ್ಕೆ ಕಾರಣ. ಅಂಗಡಿಯಲ್ಲಿ ದೀಪವನ್ನು ಹತ್ತು ಶೇಕಡಕ್ಕೆ ಇಳಿಸಿ, ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ ಅನ್ನು 1000ನೇ ಒಂದು ಭಾಗಕ್ಕಿಟ್ಟು, ದೀಪ ಬಿದ್ದಿರುವ ಬಿಳಿ ಗೋಡೆಯನ್ನು ನೋಡಿ. ಅಡ್ಡಡ್ಡ ಕಪ್ಪು ಪಟ್ಟಿಗಳು ಹರಿದಾಡಿದರೆ ಆ ದೀಪವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಮಲೆನಾಡಿನಲ್ಲಿ ಕರೆಂಟಿನ ಯೋಚನೆ ಇಲ್ಲದೆ ದೀಪ ಕೊಳ್ಳುವಂತಿಲ್ಲ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಒಂದು ದಿನ, ಎರಡು ದಿನ ಕತ್ತಲೆಯೇ ಗತಿ. 60 ವ್ಯಾಟಿನ ದೀಪವನ್ನು ಮನೆಯ ಇನ್‌ವರ್ಟರ್ ಸುಲಭವಾಗಿ ತಾಳಿಕೊಳ್ಳುತ್ತದೆ, ಆದರೆ ಅದು ಸೈನ್ ವೇವ್ ಮಾದರಿಯದಾಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್‌ವರ್ಟರಿನಲ್ಲಿ ಅಡಾಪ್ಟರ್ ಗುಂಯ್‌ಗುಡುವ ಸದ್ದು ಮೈಕಿಗೆ ಸಿಗಬಹುದು. ತೋಟದಲ್ಲೋ ಗದ್ದೆ ಬದುವಿನಲ್ಲೋ ಕೆಲಸ ಮಾಡುವವರಿಗೆ ಎನ್‌ಪಿ-ಎಫ್ ಎಂಬ ಕ್ಯಾಮೆರಾ ಮಾದರಿಯ ಬ್ಯಾಟರಿ ಕೂಡುವ ಸಣ್ಣ ಪ್ಯಾನೆಲ್ ಅನುಕೂಲ. ಅವುಗಳಲ್ಲಿ ದೊಡ್ಡದಾದ 970ರಲ್ಲಿ ಸುಮಾರು 47 ವ್ಯಾಟ್-ಗಂಟೆಯ ಶಕ್ತಿ ಇರುವುದರಿಂದ 30 ವ್ಯಾಟಿನ ಪ್ಯಾನೆಲ್ ಪೂರ್ಣ ಬೆಳಕಿನಲ್ಲಿ ಒಂದೂವರೆ ಗಂಟೆ ಉರಿದೀತು. ದೊಡ್ಡ ದೀಪಗಳ ಫ್ಯಾನ್ ಸದ್ದಿನ ಬಗ್ಗೆ ಕೆಲವರು ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಮೈಕನ್ನು ಮಾತನಾಡುವವರ ಎದೆಯ ಹತ್ತಿರ ತಂದರೆ ಅದು ಮುಕ್ಕಾಲು ಪಾಲು ಬಗೆಹರಿಯುತ್ತದೆ. ಆಷಾಢದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತ್ರ ಯಾವ ದೀಪದವರ ಬಳಿಯೂ ಮದ್ದಿಲ್ಲ.

ಕೈಯಲ್ಲಿರುವುದು 15,000 ರೂಪಾಯಿ ಎಂದಿಟ್ಟುಕೊಂಡರೆ, ನಾನು ಮೂರನೇ ಎರಡು ಪಾಲನ್ನು ದೀಪಕ್ಕೆ ಹಾಕಿ, ಉಳಿದದ್ದರಲ್ಲಿ ಮೊದಲು ಗಟ್ಟಿಯಾದ ಸ್ಟ್ಯಾಂಡ್, ಆಮೇಲೆ ಸಾಫ್ಟ್‌ಬಾಕ್ಸ್ ಕೊಳ್ಳುತ್ತೇನೆ. ಸಪೂರ ಕಾಲಿನ ಸ್ಟ್ಯಾಂಡಿನ ಮೇಲೆ ಸಾಫ್ಟ್‌ಬಾಕ್ಸ್ ಏರಿಸಿದರೆ ಜಗಲಿಯ ಗಾಳಿಗೇ ಅದು ಮಗುಚಿಕೊಳ್ಳುತ್ತದೆ. ಮರಳು ತುಂಬಿದ ಚೀಲವೊಂದು ಅದರ ಕಾಲ ಮೇಲೆ ಸದಾ ಇರಲಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ನಾಲ್ಕು ಕೆಂಪಡಿಕೆ, ಒಂದು ಚಿಟಿಕೆ ಕುಂಕುಮದ ಪೊಟ್ಟಣ ಇಟ್ಟುಕೊಂಡು ಹೋಗಿ. ಅವುಗಳನ್ನು ಅಂಗೈಯಲ್ಲಿಟ್ಟು ಮೊದಲು ಬಾಗಿಲ ಹೊರಗೆ ಹಗಲಿನಲ್ಲಿ, ಆಮೇಲೆ ಒಳಗೆ ದೀಪದ ಕೆಳಗೆ, ಎರಡೂ ಕಡೆ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಂಡು ಚಿತ್ರಿಸಿ, ಅಕ್ಕಪಕ್ಕ ಇಟ್ಟು ನೋಡಿ. ಆನ್‌ಲೈನ್‌ನಲ್ಲಿ ತರಿಸಿದವರು ಇದೇ ಪರೀಕ್ಷೆಯನ್ನು ಪಾರ್ಸೆಲ್ ಬಿಚ್ಚಿದ ದಿನವೇ ಮಾಡಿ, ಡಬ್ಬಿಯನ್ನೂ ಬಿಲ್ಲನ್ನೂ ವಾಪಸು ಕಳಿಸುವ ಗಡುವು ಮುಗಿಯುವ ತನಕ ಎತ್ತಿಟ್ಟಿರಬೇಕು.

ನಮಸ್ಕಾರ.