ಬಿಟ್ಟ ಮೀನು ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ.

ಹವ್ಯಾಸಕ್ಕೆಂದು ದೋಣಿ ಹತ್ತಿ ಕಡಲಿಗೆ ಹೋಗಿ ಗಾಳ ಹಾಕುವವರ ಬಗ್ಗೆ ಇವತ್ತು ಮಾತಾಡುತ್ತೇನೆ. ಹೊಟ್ಟೆಪಾಡಿಗೆ ಬಲೆ ಬೀಸುವವರ ಕಷ್ಟ ಬೇರೆ, ಅವರ ಲೆಕ್ಕವೂ ಬೇರೆ. ನಾನು ಹೇಳಹೊರಟಿರುವುದು ವಾರವಿಡೀ ಇನ್ನೇನೋ ಕೆಲಸ ಮಾಡಿಕೊಂಡಿದ್ದು, ರಜೆಯ ದಿನ ಬೆಳಕು ಹರಿಯುವ ಮೊದಲೇ ಬಂದರಿಗೆ ಬಂದು, ನಾಲ್ಕಾರು ಜನ ಸೇರಿ ದೋಣಿ ಗೊತ್ತುಮಾಡಿಕೊಂಡು ಹೊರಡುವ ನಮ್ಮಂಥವರ ವಿಷಯ.

ನಾನು ಈ ಹವ್ಯಾಸಕ್ಕೆ ಬಿದ್ದ ಹೊಸತರಲ್ಲಿ ನಡೆದದ್ದು ಇದು. ದಡ ಬಿಟ್ಟು ಹತ್ತು ನಾಟಿಕಲ್ ಮೈಲಿ ಆಚೆ ಇದ್ದೆವು. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಅಲ್ಲಿಗೆ ಹದಿನೆಂಟೂವರೆ ಕಿಲೋಮೀಟರ್ ದೂರ. ಕೆಳಗೆ ಬಂಡೆಯ ನೆಲ, ಆಳ 40 ಮೀಟರ್. ಹಳಬರ ಲೆಕ್ಕದಲ್ಲಿ ಇಪ್ಪತ್ತೆರಡು ಮಾರು. ನನ್ನ ದಾರ ಜಗ್ಗಿತು. ಸುತ್ತಿದೆ, ಸುತ್ತಿದೆ, ಮೊದಮೊದಲು ಸೆಣಸಿದ ಮೀನು ಅರ್ಧ ದಾರಿಯ ಮೇಲೆ ಬಂದ ಹಾಗೆ ಸೆಣಸುವುದನ್ನೇ ಬಿಟ್ಟುಬಿಟ್ಟಿತು. ಮೇಲೆ ಬಂದದ್ದು ಗೇಣಿಗಿಂತ ಸ್ವಲ್ಪ ಉದ್ದದ ಮುರು ಮೀನು, ಇಂಗ್ಲಿಷಿನಲ್ಲಿ ಗ್ರೂಪರ್ ಅನ್ನುತ್ತಾರಲ್ಲ, ಅದು; ಇನ್ನೂ ಎಳೆಯದು. ಕಣ್ಣುಗಳು ಗುಡ್ಡೆ ಸಮೇತ ಹೊರಕ್ಕೆ ಉಬ್ಬಿದ್ದವು. ಬಾಯಿ ತುಂಬ ಗುಲಾಬಿ ಬಣ್ಣದ, ಬಲೂನಿನಂಥ ಏನೋ ಒಂದು ಹೊರಗೆ ಚಾಚಿಕೊಂಡಿತ್ತು. ಹೊಟ್ಟೆ ಡೋಲಿನ ಹಾಗೆ ಬಿಗಿದಿತ್ತು.

ಸಣ್ಣ ಮೀನು, ಬದುಕಿಕೊಳ್ಳಲಿ ಅಂತ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು. ಆದರೆ ಮೀನು ಹೋಗಲಿಲ್ಲ. ತಲೆ ಕೆಳಗೆ ಮಾಡಿ ಬಾಲ ಬಡಿಯಿತು, ಒಂದು ಮೊಳ ಇಳಿಯಿತು, ಬೆಂಡಿನ ಹಾಗೆ ಮತ್ತೆ ಮೇಲೆ ಬಂತು. ಮತ್ತೊಮ್ಮೆ ಇಳಿಯಲು ನೋಡಿತು. ಮೂರನೆಯ ಸಲ ಬಾಲ ಬಡಿಯಲಿಲ್ಲ, ಮಗುಚಿಕೊಂಡು ಅಲೆಯ ಜೊತೆ ತೇಲತೊಡಗಿತು. ಚುಕ್ಕಾಣಿ ಹಿಡಿದಿದ್ದ ಹಿರಿಯರು ಅದನ್ನೇ ನೋಡುತ್ತಿದ್ದರು. "ಅದು ಇನ್ನು ಹೋಗುವುದಿಲ್ಲ, ಅದರ ಒಳಗೆ ಗಾಳಿ ತುಂಬಿದೆ" ಅಂದರು. ಸ್ವಲ್ಪ ಹೊತ್ತಿನಲ್ಲೇ ಕಡಲಹಕ್ಕಿಗಳು ಬಂದವು. ಅಲ್ಲಿಯವರೆಗೆ ನಾನು ಬಿಟ್ಟಿದ್ದ ಮೀನುಗಳೆಲ್ಲ ಒಂದೊಂದಾಗಿ ನೆನಪಾದವು. ಆಮೇಲೆ ಆ ದಿನ ನನಗೆ ಗಾಳ ಹಾಕಲು ಮನಸ್ಸಾಗಲಿಲ್ಲ.

ಆ ಗಾಳಿ ಎಲ್ಲಿಯದು? ಹೆಚ್ಚಿನ ಎಲುಬು ಮೀನುಗಳ ಒಡಲಲ್ಲಿ, ಬೆನ್ನುಮೂಳೆಯ ಕೆಳಗೆ ಒಂದು ಗಾಳಿಚೀಲ ಇರುತ್ತದೆ. ಮುಳುಗದೆ, ತೇಲಿಹೋಗದೆ, ಬೇಕಾದ ಆಳದಲ್ಲಿ ನಿರಾಯಾಸವಾಗಿ ನಿಲ್ಲಲು ಮೀನಿಗೆ ಅದು ಬೇಕು. ದೋಣಿಯಲ್ಲಿ ಮೀನು ಹುಡುಕುವ ಸೋನಾರ್ ಯಂತ್ರ ಇರುತ್ತದಲ್ಲ, ಅದರ ಕೆಲಸಕ್ಕೂ ಈ ಚೀಲಕ್ಕೂ ನಂಟಿದೆ. ಯಂತ್ರ ಕೆಳಕ್ಕೆ ಶಬ್ದ ಕಳಿಸುತ್ತದೆ. ಶಬ್ದ ಕಡಲನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡಿ, ತಗಲಿದ್ದಕ್ಕೆ ಬಡಿದು ವಾಪಸ್ ಬರುತ್ತದೆ. ಮೀನಿನ ಮೈಯೆಲ್ಲ ಹೆಚ್ಚುಕಡಿಮೆ ನೀರಿನಂಥದ್ದೇ ಆದ್ದರಿಂದ ಶಬ್ದ ಅದರೊಳಗೆ ಹಾದುಹೋಗುತ್ತದೆ. ಜೋರಾಗಿ ಮಾರ್ದನಿ ಕೊಡುವುದು ಒಳಗಿರುವ ಗಾಳಿ. ಪರದೆಯ ಮೇಲೆ ಕಮಾನಿನ ಹಾಗೆ ಮೂಡುವ ಗುರುತು ಬಹುಪಾಲು ಆ ಚೀಲದ್ದು. ಯಾವ ಚೀಲ ಮೀನಿನ ಇರವನ್ನು ನಮಗೆ ತಿಳಿಸಿತೋ, ಮೇಲೆ ಎಳೆದಾಗ ಮೀನನ್ನು ಕೊಲ್ಲುವುದೂ ಅದೇ ಚೀಲ.

ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 40 ಮೀಟರ್ ಆಳದಲ್ಲಿ, ಮೇಲಿನ ಗಾಳಿಯದ್ದೂ ಸೇರಿ, ಐದು ಪಟ್ಟು ಒತ್ತಡ. ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲೇ ಪ್ರಕಟಿಸಿದ. ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಆ ಲೆಕ್ಕದಲ್ಲಿ, ತಡೆಯಿಲ್ಲದೆ ಹಿಗ್ಗಿದರೆ 40 ಮೀಟರ್ ಕೆಳಗಿನ ಗಾಳಿ ಮೇಲೆ ಬರುವಷ್ಟರಲ್ಲಿ ಐದರಷ್ಟಾಗುತ್ತದೆ. ಅದರಲ್ಲೂ 40ರಿಂದ 30 ಮೀಟರಿಗೆ ಬರುವಾಗ ಹಿಗ್ಗುವುದು ಕಾಲು ಪಾಲು ಮಾತ್ರ; ಕೊನೆಯ 10 ಮೀಟರಿನಲ್ಲಿ ಇದ್ದದ್ದು ಎರಡರಷ್ಟಾಗುತ್ತದೆ. ಚೀಲ ಅಷ್ಟು ತಾಳುವುದಿಲ್ಲ. ಹಲವು ಸಲ ಹರಿದೇ ಹೋಗುತ್ತದೆ. ಗಾಳಿ ಒಡಲೊಳಗೆ ನುಗ್ಗಿ ಕರುಳು, ಜಠರ ಎಲ್ಲವನ್ನೂ ಒತ್ತುತ್ತದೆ, ಕಣ್ಣಿನ ಹಿಂದೆ ಸೇರಿಕೊಂಡು ಗುಡ್ಡೆಯನ್ನು ಹೊರಕ್ಕೆ ತಳ್ಳುತ್ತದೆ.

ಹಾಗಾದರೆ ನಿಧಾನಕ್ಕೆ ಎಳೆದರಾಯಿತಲ್ಲ ಎಂದು ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮುರು, ಸ್ನ್ಯಾಪರ್ ಜಾತಿಯ ಮೀನುಗಳಲ್ಲಿ ಈ ಚೀಲಕ್ಕೂ ಬಾಯಿಗೂ ದಾರಿ ಇಲ್ಲ. ಗಾಳಿ ತುಂಬುವುದೂ ರಕ್ತದ ಮೂಲಕ, ಇಳಿಯುವುದೂ ರಕ್ತದ ಮೂಲಕ, ಅದಕ್ಕೆ ಗಂಟೆಗಟ್ಟಲೆ ಬೇಕು. ಐದು ನಿಮಿಷದ ಬದಲು ಹತ್ತು ನಿಮಿಷ ಎಳೆದರೆ ಮೀನು ಇನ್ನಷ್ಟು ದಣಿಯುತ್ತದೆ, ಅಷ್ಟೇ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಬಾಯಿಂದ ಹೊರಬಂದ ಆ ಗುಲಾಬಿ ಬಲೂನನ್ನು ಗಾಳಿಚೀಲ ಎಂದುಕೊಂಡು ಕತ್ತಿಯ ಮೊನೆಯಿಂದ ಚುಚ್ಚುತ್ತಾರೆ. ದಯಮಾಡಿ ಹಾಗೆ ಮಾಡಬೇಡಿ. ಅದು ಮೀನಿನ ಜಠರ. ಒಳಗಿನ ಗಾಳಿಯ ಒತ್ತಡಕ್ಕೆ ಕಾಲುಚೀಲದ ಹಾಗೆ ಒಳಮುಖ ಹೊರಗಾಗಿ ಬಂದಿರುತ್ತದೆ. ಒತ್ತಡ ಹೋದರೆ ತಾನಾಗಿ ಒಳಗೆ ಸೇರುತ್ತದೆ, ಚುಚ್ಚಿದರೆ ಗಾಯ ಉಳಿಯುತ್ತದೆ. ಪಕ್ಕೆಯಿಂದ ಟೊಳ್ಳು ಸೂಜಿ ಚುಚ್ಚಿ ಗಾಳಿ ತೆಗೆಯುವ ವಿಧಾನವೂ ಇದೆ, ಆದರೆ ಅದಕ್ಕೆ ಪಳಗಿದ ಕೈ ಬೇಕು. ಅಲುಗಾಡುವ ದೋಣಿಯಲ್ಲಿ, ಒದ್ದೆ ಕೈಯಲ್ಲಿ, ಒದ್ದಾಡುವ ಮೀನಿನ ಯಾವ ಅಂಗಕ್ಕೆ ಸೂಜಿ ತಗಲೀತೋ ಹೇಳಲಾಗದು. ನಾನು ಆ ದಾರಿ ಹಿಡಿದಿಲ್ಲ.

ಸರಳವಾದ ದಾರಿ ಒಂದಿದೆ. ಮೀನನ್ನು ಎಲ್ಲಿಂದ ತಂದೆವೋ ಅಲ್ಲಿಗೇ ನಾವೇ ಇಳಿಸುವುದು. ಕೆಳಗೆ ಇಳಿದಂತೆ ನೀರಿನ ಒತ್ತಡವೇ ಗಾಳಿಯನ್ನು ಮತ್ತೆ ಕುಗ್ಗಿಸುತ್ತದೆ. ಮೊನೆಯ ಹಿಂದಿನ ಹಿಮ್ಮುಖ ಮುಳ್ಳನ್ನು ತೇಯ್ದು ತೆಗೆದ ದೊಡ್ಡ ಕೊಕ್ಕೆಯೊಂದನ್ನು ತಲೆಕೆಳಗಾಗಿ ದಾರಕ್ಕೆ ಕಟ್ಟಿ, ಅದರ ಕೆಳಗೆ ಭಾರದ ಸೀಸ ತೂಗಿಬಿಡಬೇಕು. ಮೂರು ಕಿಲೋ ಮೀನಿಗೆ ಒಂದೂವರೆ ಕಿಲೋದಷ್ಟು ಭಾರ ಇದ್ದರೆ ಸರಿಯಾಗುತ್ತದೆ. ಕೊಕ್ಕೆಯನ್ನು ಕೆಳದುಟಿಗೆ ಸಿಕ್ಕಿಸಿ ಇಳಿಬಿಟ್ಟರೆ ಭಾರ ಮೀನನ್ನು ಒಯ್ಯುತ್ತದೆ. ತಳ ಮುಟ್ಟಿದಾಗ ದಾರವನ್ನು ಒಮ್ಮೆ ಜಗ್ಗಿದರೆ ಮುಳ್ಳಿಲ್ಲದ ಕೊಕ್ಕೆ ಕಳಚಿಕೊಳ್ಳುತ್ತದೆ. ಕೆಲವರು ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ, ಅಂಚಿಗೆ ಭಾರ ಕಟ್ಟಿ, ಅದರೊಳಗೆ ಮೀನನ್ನು ಇಟ್ಟು ಹಗ್ಗದಲ್ಲಿ ಇಳಿಸುತ್ತಾರೆ. ಮೀನಿನ ತುಟಿ ಹಿಡಿದುಕೊಂಡಿದ್ದು, ನಿಗದಿಯಾದ ಆಳಕ್ಕೆ ಹೋದ ಮೇಲೆ ಒತ್ತಡಕ್ಕೆ ತಾನೇ ತೆರೆದುಕೊಳ್ಳುವ ಚಿಮ್ಮಟಗಳೂ ಬಂದಿವೆ. ಅಮೆರಿಕದಲ್ಲಿ ಮೆಕ್ಸಿಕೊ ಕೊಲ್ಲಿಯ, ಕೇಂದ್ರ ಸರ್ಕಾರದ ಅಧೀನದಲ್ಲಿರುವ ನೀರಿನಲ್ಲಿ ಬಂಡೆಯ ನೆಲದ ಮೀನು ಹಿಡಿಯುವ ದೋಣಿಗಳಲ್ಲಿ ಇಂಥ ಸಾಧನವಾಗಲಿ, ಗಾಳಿ ತೆಗೆಯುವ ಸೂಜಿಯಾಗಲಿ ಕೈಗೆಟಕುವಂತೆ ಸಿದ್ಧವಿರಲೇಬೇಕೆಂದು 2022ರ ಜನವರಿಯಲ್ಲಿ ಕಾನೂನೇ ಜಾರಿಗೆ ಬಂದಿತ್ತು.

ಅಲ್ಲಿಯ ಪೆಸಿಫಿಕ್ ತೀರದಲ್ಲಿ ರಾಕ್‌ಫಿಶ್ ಎಂಬ ಮೀನುಗಳಿವೆ. ಅವುಗಳಲ್ಲಿ ಯೆಲ್ಲೋಐ ಎಂಬ ಜಾತಿ ನೂರು ವರ್ಷ ಮೀರಿ ಬದುಕಬಲ್ಲದು. ಕಣ್ಣು ಉಬ್ಬಿ, ಜಠರ ಹೊರಬಂದು, ನೋಡಿದರೆ ಸತ್ತಂತೆಯೇ ಕಾಣುವ ಈ ಮೀನುಗಳನ್ನು ಬೇಗ ಕೆಳಗೆ ಇಳಿಸಿದಾಗ ಬಹಳಷ್ಟು ಬದುಕಿದ್ದನ್ನು ಸಂಶೋಧಕರು ಕಂಡಿದ್ದಾರೆ. ಇಲ್ಲಿ "ಬೇಗ" ಎಂಬ ಮಾತೇ ಮುಖ್ಯ. ಹಿಡಿದ ಮೀನಿನ ಜೊತೆ ನಾಲ್ಕು ಫೋಟೊ ತೆಗೆಸಿಕೊಂಡು ಆಮೇಲೆ ಇಳಿಸಿದರೆ ಪ್ರಯೋಜನ ಕಡಿಮೆ. ಗಾಳ ನೀರಿಗೆ ಬೀಳುವ ಮೊದಲೇ ಈ ಸಾಧನ ಕಟ್ಟಿ ಸಿದ್ಧವಾಗಿರಬೇಕು. ಮೀನು ಬಂದ ಮೇಲೆ ಪೆಟ್ಟಿಗೆ ತೆರೆದು ಸೀಸ ಹುಡುಕುತ್ತಾ ಕೂತರೆ ಹೊತ್ತು ಮೀರಿರುತ್ತದೆ.

ಎಲ್ಲ ಮೀನಿಗೂ ಈ ತೊಂದರೆ ಇಲ್ಲ. ಶಾರ್ಕಿಗೆ, ತೊರಕೆಗೆ ಗಾಳಿಚೀಲವೇ ಇಲ್ಲ, ಅಂಜಲಿಗೂ ಇಲ್ಲ. ಅವುಗಳಿಗೆ ಬೇರೆ ಅಪಾಯ: ಕೊಕ್ಕೆ ನುಂಗುವುದು, ದಣಿದು ಸಾಯುವುದು. ಅದಕ್ಕೆ ವೃತ್ತಾಕಾರದ ಕೊಕ್ಕೆ ಒಳ್ಳೆಯದು. ಅದರ ಮೊನೆ ಒಳಮುಖವಾಗಿ ಬಾಗಿರುವುದರಿಂದ ಗಂಟಲಲ್ಲಿ ನೆಡದೆ ಜಾರಿಕೊಂಡು ಬಂದು ಸಾಮಾನ್ಯವಾಗಿ ದವಡೆಯ ಮೂಲೆಯಲ್ಲಿ ಕೂರುತ್ತದೆ. ಜಗ್ಗಿದ ಕೂಡಲೇ ರಾಡನ್ನು ಮೇಲಕ್ಕೆ ಸೆಳೆಯುವ ಅಭ್ಯಾಸ ಮಾತ್ರ ಬಿಡಬೇಕಾಗುತ್ತದೆ, ಸುಮ್ಮನೆ ಸುತ್ತುತ್ತಾ ಹೋದರೆ ಸಾಕು. ಕೊಕ್ಕೆ ಆಳಕ್ಕೆ ಹೋಗಿಬಿಟ್ಟಿದ್ದರೆ ಕಿತ್ತು ತೆಗೆಯುವ ಬದಲು ದಾರ ಕತ್ತರಿಸುವುದು ಮೇಲು.

ಮುರು ಮೀನಿನ ವಿಷಯಕ್ಕೆ ನಾನು ಇಷ್ಟು ಮರುಗುವುದಕ್ಕೆ ಇನ್ನೊಂದು ಕಾರಣವಿದೆ. ಮುರು ಜಾತಿಯ ಹೆಚ್ಚಿನ ಮೀನುಗಳು ಹೆಣ್ಣಾಗಿ ಬೆಳೆದು, ವರ್ಷಗಳು ಕಳೆದ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವೆ. ಒಂದು ಬಂಡೆಯ ದೊಡ್ಡ ಮೀನುಗಳನ್ನೆಲ್ಲ ನಾವು ಎತ್ತಿಕೊಂಡರೆ ಅಲ್ಲಿಯ ಗಂಡುಗಳನ್ನೇ ಎತ್ತಿದ ಹಾಗಾಗುತ್ತದೆ. ಸಣ್ಣವು "ಬಿಟ್ಟ" ಹೆಸರಿನಲ್ಲಿ ತೇಲಿ ಸತ್ತರೆ ಮುಂದೆ ಗಂಡಾಗುವವೂ ಉಳಿಯುವುದಿಲ್ಲ. ಹಾಗಾಗಿ ಆಳದ ಬಂಡೆಯ ಮೇಲೆ ದಿನವಿಡೀ ಹಿಡಿದು ಹಿಡಿದು ಬಿಡುವ ಆಟವನ್ನು ನಾನು ಒಪ್ಪುವುದಿಲ್ಲ. ಬೇಕಾದಷ್ಟು ಸಿಕ್ಕಿದ ಮೇಲೆ ಅಲ್ಲಿಂದ ದೋಣಿ ತೆಗೆಯಬೇಕು. ಸಾಲಾಗಿ ಸಣ್ಣವೇ ಬರುತ್ತಿದ್ದರೂ ಜಾಗ ಬದಲಿಸಬೇಕು. ಇನ್ನೂ ಆಸೆ ಇದ್ದರೆ ದೋಣಿ ಓಡಿಸುತ್ತಾ ಮೇಲ್ನೀರಿನ ಮೀನಿಗೆ ದಾರ ಬಿಡಬಹುದು. ಇಟ್ಟುಕೊಳ್ಳುವ ಮೀನನ್ನು ಒದ್ದಾಡಲು ಬಿಡದೆ ಒಂದೇ ಪೆಟ್ಟಿಗೆ ಕೊಂದು, ರಕ್ತ ಬಸಿದು, ಐಸಿನಲ್ಲಿ ಹೂಳಬೇಕು.

ಲೈಫ್ ಜಾಕೆಟ್ ತೊಡುವುದು, ಎಷ್ಟು ಹೊತ್ತಿಗೆ ಮರಳುತ್ತೇವೆಂದು ದಡದಲ್ಲಿ ಒಬ್ಬರಿಗೆ ಹೇಳಿ ಹೋಗುವುದು, ದೋಣಿಯ ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಯ 16ನೇ ಚಾನೆಲ್ ತೆರೆದಿಡುವುದು, ಇವನ್ನು ಕಡಲಿಗೆ ಹೋಗುವ ಯಾರಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪಟ್ಟಿಗೆ ಈ ಸೀಸದ ಭಾರವನ್ನೂ ಸೇರಿಸಿಕೊಳ್ಳಿ ಎಂಬುದು ನನ್ನ ಬೇಡಿಕೆ.

ಮೊದಲ ಸಲ ಅದನ್ನು ಬಳಸಿದ್ದು ಚೆನ್ನಾಗಿ ನೆನಪಿದೆ. ಅದೇ ಅಳತೆಯ ಒಂದು ಮುರು, ಅದೇ ಉಬ್ಬಿದ ಕಣ್ಣು. ಕೈ ಒದ್ದೆ ಮಾಡಿಕೊಂಡು ಹಿಡಿದೆ, ತುಟಿಗೆ ಕೊಕ್ಕೆ ಸಿಕ್ಕಿಸಿ ಬಿಟ್ಟೆ. ದಾರ ಬೆರಳುಗಳ ನಡುವೆ ಓಡಿತು. ಹಸಿರು ನೀರಿನಲ್ಲಿ ಬಿಳಿಯ ಹೊಟ್ಟೆ ಸ್ವಲ್ಪ ದೂರ ಕಾಣಿಸಿ ಮಸುಕಾಯಿತು. ಹತ್ತು ಮಾರು ಇಳಿಯುವವರೆಗೆ ಬರಿಯ ಭಾರವಿತ್ತು. ಆಮೇಲೆ ದಾರದಲ್ಲಿ ಒಂದು ಅದುರು, ಇನ್ನೊಂದು ಅದುರು; ಮೀನು ಬಾಲ ಬಡಿಯುತ್ತಿತ್ತು. ಸೀಸ ತಳ ಮುಟ್ಟಿದ ಮೇಲೆ ದಾರವನ್ನು ಒಮ್ಮೆ ಜಗ್ಗಿ ಸುತ್ತಿಕೊಂಡೆ. ಕೊಕ್ಕೆ ಖಾಲಿ ಬಂತು. ಎಲ್ಲರೂ ದೋಣಿಯ ಅಂಚಿಗೆ ಬಂದು ಸುತ್ತಲೂ ನೋಡಿದೆವು, ಬಹಳ ಹೊತ್ತು ನೋಡಿದೆವು. ನೀರಿನ ಮೇಲೆ ಏನೂ ತೇಲಿ ಬರಲಿಲ್ಲ.

ನಮಸ್ಕಾರ.